ಕಾರ್ನ್‌ವಾಲಿಸ್, ವೆಲ್ಲೆಸ್ಲಿ: ಅರ್ಲ್ ಅನ್ನಬೇಕೋ ಮಾರ್ಕ್ವೆಸ್ ಅನ್ನಬೇಕೋ?

ಕೋಟೆಬಾಗಿಲು:
ಮೂರನೇ ಮತ್ತು ನಾಲ್ಕನೇ ಮೈಸೂರು ಯುದ್ಧಗಳ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಒಂದು ಪುಸ್ತಕದಲ್ಲಿ ‘ಅರ್ಲ್ ಕಾರ್ನ್‌ವಾಲಿಸ್’, ಇನ್ನೊಂದರಲ್ಲಿ ‘ಮಾರ್ಕ್ವೆಸ್ ಕಾರ್ನ್‌ವಾಲಿಸ್’. ಟಿಪ್ಪುವಿಗೆ ಪತ್ರ ಬರೆದ ‘ಅರ್ಲ್ ಆಫ್ ಮಾರ್ನಿಂಗ್ಟನ್’, ಆಮೇಲಿನ ‘ಮಾರ್ಕ್ವೆಸ್ ವೆಲ್ಲೆಸ್ಲಿ’ ಇಬ್ಬರೂ ಒಬ್ಬರೇ ತಾನೆ? ಮಾರ್ಕ್ವೆಸ್ ಅಂದರೆ ಏನು, ಯಾವಾಗ ಯಾವುದನ್ನು ಬರೆಯಬೇಕು?

ಹಳೆದಫ್ತರ:
ಹೌದು, ಒಬ್ಬರೇ. ಬ್ರಿಟಿಷ್ ಶ್ರೀಮಂತವರ್ಗದಲ್ಲಿ ಮೇಲಿನಿಂದ ಕೆಳಕ್ಕೆ ಐದು ದರ್ಜೆ: ಡ್ಯೂಕ್, ಮಾರ್ಕ್ವೆಸ್, ಅರ್ಲ್, ವೈಕೌಂಟ್, ಬ್ಯಾರನ್. ಮಾರ್ಕ್ವೆಸ್ ಎಂಬುದು ಗಡಿಸೀಮೆ ಎಂಬರ್ಥದ ‘ಮಾರ್ಚ್’ನಿಂದ ಬಂದದ್ದು. ಯೂರೋಪಿನಲ್ಲಿ ಶತ್ರುವಿನ ಎದುರಿಗಿದ್ದ ಗಡಿನಾಡನ್ನು ಕಾಯುವವನಿಗೆ ಒಳನಾಡಿನ ಕೌಂಟ್‌ಗಿಂತ (ಇಂಗ್ಲೆಂಡಿನ ಅರ್ಲ್‌ಗೆ ಸಮನಾದವನು) ಹೆಚ್ಚು ಸೈನ್ಯ, ಹೆಚ್ಚು ಅಧಿಕಾರ ಇರುತ್ತಿತ್ತು. ಜರ್ಮನರ ಮಾರ್ಕ್‌ಗ್ರಾಫ್ ಕೂಡ ಇದೇ.

ಇಂಗ್ಲೆಂಡಿಗೆ ಬರುವಾಗ ಗಡಿ ಕಾಯುವ ಕೆಲಸ ಕಳಚಿಹೋಗಿ ಬರೀ ದರ್ಜೆ ಉಳಿಯಿತು. 1385ರಲ್ಲಿ ಎರಡನೇ ರಿಚರ್ಡ್ ತನ್ನ ಆಪ್ತ, ಆಕ್ಸ್‌ಫರ್ಡ್‌ನ ಅರ್ಲ್ ರಾಬರ್ಟ್ ಡಿ ವೇರ್‌ನನ್ನು ಡಬ್ಲಿನ್‌ನ ಮಾರ್ಕ್ವೆಸ್ ಮಾಡಿದ; ಇಂಗ್ಲೆಂಡಿನಲ್ಲಿ ಅದೇ ಮೊದಲು. ಹಳೆಯ ಅರ್ಲ್‌ಗಳಿಗೆ ಇದನ್ನು ಸಹಿಸಲಾಗಲಿಲ್ಲ. ಎರಡನೆಯವನಾದ ಜಾನ್ ಬೋಫರ್ಟ್ 1399ರಲ್ಲಿ ಆ ಪದವಿ ಕಳೆದುಕೊಂಡ. 1402ರಲ್ಲಿ ಕಾಮನ್ಸ್ ಸಭೆ ಅದನ್ನು ಮರಳಿ ಕೊಡಿಸಲು ಕೇಳಿಕೊಂಡರೂ, ಈ ರಾಜ್ಯಕ್ಕೆ ಇದು ಅಪರಿಚಿತ ಹೆಸರು ಎಂದು ಅವನೇ ಬೇಡವೆಂದ. ಮಾರ್ಕ್ವೆಸ್‌ಗಳ ಸಂಖ್ಯೆ ಕಡಿಮೆಯಾಗಿಯೇ ಉಳಿಯಿತು. ಕೊನೆಯದಾಗಿ ಸೃಷ್ಟಿಯಾದದ್ದು 1936ರಲ್ಲಿ, ವೈಸ್‌ರಾಯ್ ಆಗಿದ್ದ ವಿಲ್ಲಿಂಗ್ಡನ್‌ಗೆ.

ತಾರೀಖುಪಟ್ಟಿ:
ನಿಮ್ಮ ಲೇಖನಕ್ಕೆ ಬೇಕಾದ್ದು ತಾರೀಖು. ಘಟನೆ ನಡೆದ ದಿನ ಆ ವ್ಯಕ್ತಿಗೆ ಯಾವ ಬಿರುದು ಇತ್ತೋ ಅದನ್ನೇ ಬರೆಯಿರಿ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದದ್ದು, 1792ರ ಮಾರ್ಚ್‌ನಲ್ಲಿ ಶ್ರೀರಂಗಪಟ್ಟಣದ ಒಪ್ಪಂದ ಮಾಡಿಕೊಂಡದ್ದು ಅರ್ಲ್ ಕಾರ್ನ್‌ವಾಲಿಸ್. ಮಾರ್ಕ್ವೆಸ್ ಆದದ್ದು ಅದೇ ವರ್ಷ ಆಗಸ್ಟ್‌ನಲ್ಲಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಗವರ್ನರ್ ಜನರಲ್ ಇನ್ನೂ ಮಾರ್ನಿಂಗ್ಟನ್. ವೆಲ್ಲೆಸ್ಲಿ ಎಂಬ ಮಾರ್ಕ್ವೆಸ್ ಪದವಿ ಬಂದದ್ದು ಡಿಸೆಂಬರ್‌ನಲ್ಲಿ.

ಇಲ್ಲೊಂದು ಸೂಕ್ಷ್ಮವಿದೆ. ಕಾರ್ನ್‌ವಾಲಿಸ್‌ನದು ಗ್ರೇಟ್ ಬ್ರಿಟನ್ನಿನ ಪೀರೇಜ್ (ಶ್ರೀಮಂತ ಪದವಿಗಳ ಶ್ರೇಣಿ), ವೆಲ್ಲೆಸ್ಲಿಯದು ಐರ್ಲೆಂಡಿನದು. ಐರಿಷ್ ಪದವಿಯಿಂದ ವೆಸ್ಟ್‌ಮಿನ್‌ಸ್ಟರ್‌ನ ಲಾರ್ಡ್ಸ್ ಸಭೆಯಲ್ಲಿ ಆಸನ ಸಿಗುತ್ತಿರಲಿಲ್ಲ. ಅವನಿಗೆ ಆಸನವಿದ್ದದ್ದು 1797ರಲ್ಲಿ ಸಿಕ್ಕಿದ್ದ ಬ್ಯಾರನ್ ಪದವಿಯಿಂದ. ಮಾರ್ಕ್ವೆಸ್ ಪದವಿಯೂ ಬರೀ ಐರಿಷ್ ಆದ್ದರಿಂದಲೇ ಈ ಗೌರವವನ್ನು ಎರಡು ಸಲ ಚಿನ್ನದ ಲೇಪ ಕೊಟ್ಟ ಆಲೂಗಡ್ಡೆ (ಐರಿಷರ ಊಟ) ಎಂದು ಕಹಿಯಾಗಿ ಕರೆದ. ಟಿಪ್ಪುವನ್ನು ಸೋಲಿಸಿದ್ದಕ್ಕೆ ಇಷ್ಟೇನಾ ಎಂಬ ಸಿಟ್ಟು.

ಕೋಟೆಬಾಗಿಲು:
ತುಂಬಾ ಉಪಕಾರವಾಯಿತು. ‘ಲಾರ್ಡ್ ರಿಚರ್ಡ್ ವೆಲ್ಲೆಸ್ಲಿ’ ಅಂತ ಬರೆದರೆ ನಡೆಯುತ್ತದಾ?

ಹಳೆದಫ್ತರ:
ಇಲ್ಲ, ‘ಲಾರ್ಡ್ ವೆಲ್ಲೆಸ್ಲಿ’ ಅನ್ನಿ. ಲಾರ್ಡ್ ಜತೆ ಸ್ವಂತ ಹೆಸರು ಸೇರಿಸುವುದು ಡ್ಯೂಕ್ ಅಥವಾ ಮಾರ್ಕ್ವೆಸ್‌ನ ಕಿರಿಯ ಗಂಡುಮಕ್ಕಳಿಗೆ. 1831ರಲ್ಲಿ ಮೈಸೂರಿನ ಆಡಳಿತ ವಹಿಸಿಕೊಂಡ ಬೆಂಟಿಂಕ್ ಪೋರ್ಟ್‌ಲೆಂಡ್ ಡ್ಯೂಕ್‌ನ ಎರಡನೇ ಮಗ, ಆದ್ದರಿಂದ ‘ಲಾರ್ಡ್ ವಿಲಿಯಂ ಬೆಂಟಿಂಕ್’ ಸರಿ, ಬರೀ ‘ಲಾರ್ಡ್ ಬೆಂಟಿಂಕ್’ ತಪ್ಪು. ನಮ್ಮ ಪಠ್ಯಪುಸ್ತಕಗಳಲ್ಲಿ ಇದು ಅದಲುಬದಲಾಗುವುದು ಜಾಸ್ತಿ. ‘ಆಫ್’ ಕೂಡ ನೋಡಿಕೊಳ್ಳಿ: ಕುಲನಾಮದ ಮೇಲೆ ಬಂದ ಬಿರುದಾದ್ದರಿಂದ ಕಾರ್ನ್‌ವಾಲಿಸ್, ವೆಲ್ಲೆಸ್ಲಿ ಇಬ್ಬರಿಗೂ ‘ಮಾರ್ಕ್ವೆಸ್ ಆಫ್’ ಬೇಡ.

ತಾರೀಖುಪಟ್ಟಿ:
ಲಾರ್ಡ್ ವೆಲ್ಲೆಸ್ಲಿಯ ತಮ್ಮ ಆರ್ಥರ್‌ನನ್ನೂ ಗಮನಿಸಿ. 1799ರಲ್ಲಿ ಅವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ ಅಷ್ಟೆ. ವೆಲ್ಲಿಂಗ್ಟನ್ ಎಂಬ ಹೆಸರು ಬಂದದ್ದು 1809ರಲ್ಲಿ ವೈಕೌಂಟ್ ಆದಾಗ. 1812ರಲ್ಲಿ ಅರ್ಲ್, ಅದೇ ವರ್ಷ ಮಾರ್ಕ್ವೆಸ್, 1814ರಲ್ಲಿ ಡ್ಯೂಕ್. ಶ್ರೀರಂಗಪಟ್ಟಣದ ಅಧ್ಯಾಯದಲ್ಲಿ ‘ಡ್ಯೂಕ್’ ಎಂದಿದ್ದರೆ ಹೊಡೆದುಹಾಕಿ.