ಹಳೇ ಸೋಡಾ ಕೆಗ್‌ನಲ್ಲಿ ಮನೆ ಬಿಯರ್: ರೂಟ್ ಬಿಯರ್ ವಾಸನೆ ಬಿಡ್ತಾನೇ ಇಲ್ಲ

ತುಂಗಾತೀರ (ಓಹಾಯೊ)

ಎಲ್ಲರಿಗೂ ನಮಸ್ಕಾರ. ಮನೇಲಿ ಗೋಧಿ ಬಿಯರ್ ಮಾಡ್ತೀನಿ, ಒಂದು ಸಲಕ್ಕೆ ಐದು ಗ್ಯಾಲನ್. ಅಂದ್ರೆ ಐವತ್ತು ಬಾಟಲಿ ತೊಳಿಬೇಕು, ತುಂಬಬೇಕು, ಮುಚ್ಚಳ ಒತ್ತಬೇಕು. ಸಾಕಾಗಿ ಹೋಗಿದೆ. ಗ್ಯಾರೇಜ್ ಸೇಲ್ ಒಂದರಲ್ಲಿ ಎರಡು ಹಳೇ ಸೋಡಾ ಕೆಗ್ (ಸೋಡಾ ತುಂಬೋ ಉಕ್ಕಿನ ಪೀಪಾಯಿ) ಸಿಕ್ಕವು ಅಂತ ತಂದೆ. ಒಂದು ಉದ್ದಕ್ಕಿದೆ, ಮೇಲೆ ಪೆಪ್ಸಿ ಹೆಸರಿದೆ. ಇನ್ನೊಂದು ಗಿಡ್ಡ, ಸ್ವಲ್ಪ ದಪ್ಪ, ಬಾಯಿಗಳ ಪಕ್ಕದಲ್ಲಿ ಸಣ್ಣ ಕಡ್ಡಿ ಥರ ಏನೋ ಚಾಚಿಕೊಂಡಿದೆ.

ಉದ್ದದ್ದರ ಮುಚ್ಚಳದ ಉಂಗುರ ಎಳೆದರೆ ಸದ್ದೇ ಇಲ್ಲ. ತೆಗೆದು ನೋಡಿದ್ರೆ ತಳದಲ್ಲಿ ಕಂದು ಪಾಕ ಅಂಟಿದೆ, ರೂಟ್ ಬಿಯರ್ ವಾಸನೆ. (ಊರಲ್ಲಿರೋರಿಗೆ: ಅದು ಬಿಯರ್ ಅಲ್ಲ, ಅಯೋಡೆಕ್ಸ್ ಡಬ್ಬಿ ತೆರೆದ ಹಾಗೆ ಮೂಗಿಗೆ ಹೊಡೆಯೋ ಒಂದು ಸೋಡಾ.) ಬಿಸಿನೀರು, ಸೋಪು ಎಲ್ಲ ಹಾಕಿ ಉಜ್ಜಿದೆ, ವಾಸನೆ ಹೋಗಲಿಲ್ಲ. ಗಿಡ್ಡದ್ದರ ಮುಚ್ಚಳ ಅಲ್ಲಾಡ್ತಾನೇ ಇಲ್ಲ, ಎಳೆಯೋಕೆ ಉಂಗುರವೂ ಇಲ್ಲ. ಸುತ್ತಿಗೇಲಿ ಒಂದು ಕೊಡ್ಲಾ ಅಂತಾರೆ ನಮ್ಮೆಜಮಾನ್ರು. ರಾತ್ರಿಯೆಲ್ಲ ಬ್ಲೀಚ್ ಹಾಕಿಟ್ಟರೆ ಆಗುತ್ತಾ?

ಹಳೇ ಫಿಟ್ಟರ್ (ಅಲಬಾಮ)

ಸುತ್ತಿಗೆ ಕೆಳಗಿಡೋಕೆ ಹೇಳಮ್ಮ ಮೊದಲು.

ಆ ಮುಚ್ಚಳ ಮೊಟ್ಟೆ ಆಕಾರದ್ದು, ಒಳಗಿಂದ ಮೇಲಕ್ಕೆ ಒತ್ತಿ ಕೂರುತ್ತೆ. ಒಳಗೆ ಗ್ಯಾಸ್ ಇರೋ ತನಕ ಅದು ಅಲ್ಲಾಡೋದಿಲ್ಲ, ಅಲ್ಲಾಡಬಾರದು ಕೂಡ. ನಿನ್ನ ಗಿಡ್ಡ ಕೆಗ್ ಇಷ್ಟು ವರ್ಷ ಒತ್ತಡ ಹಿಡಿದುಕೊಂಡು ಕೂತಿದೆ ಅಂತಾಯ್ತು. ಕೊಳ್ಳುವಾಗ ನಾನು ಹುಡುಕೋದೇ ಇಂಥದ್ದನ್ನ. ಅದು ಕೋಕ್‌ನವರ ಪಿನ್ ಲಾಕ್. ಎರಡು ಕಡ್ಡಿ ಇರೋ ಬಾಯಿ ಗ್ಯಾಸಿನದು, ಮೂರು ಕಡ್ಡಿ ಇರೋದು ಪಾನೀಯದ್ದು. ಗ್ಯಾಸ್ ಬಾಯಿಯ ನಡುವೆ ಸ್ಪ್ರಿಂಗ್ ಮೇಲೆ ಕೂತ ಸಣ್ಣ ಬಿರಡೆ ಇದೆ, ಪಾಪೆಟ್ ಅಂತಾರೆ. ಮುಖ ಆಚೆ ತಿರುಗಿಸಿ, ಮೇಲೊಂದು ಬಟ್ಟೆ ಹಾಕಿ, ಸ್ಕ್ರೂಡ್ರೈವರ್ ತುದಿಯಲ್ಲಿ ಅದನ್ನ ಒತ್ತಿ ಹಿಡಿ. ಬುಸ್ ಅನ್ನೋದು ಪೂರ್ತಿ ನಿಂತ ಮೇಲೆ ಹಿಡಿ ಎತ್ತಿ ಮುಚ್ಚಳ ಒಳಕ್ಕೆ ಒತ್ತು, ಬರುತ್ತೆ.

ಬ್ಲೀಚ್ ಬೇಡ. ಕೆಗ್ ಸ್ಟೇನ್‌ಲೆಸ್ ಉಕ್ಕೇ, 304 ಅನ್ನೋ ದರ್ಜೆಯದು. ಆದರೆ ಕ್ಲೋರಿನ್ ಅದರಲ್ಲಿ ಸೂಜಿಮೊನೆಯಷ್ಟು ಗುಂಡಿ ಕೊರೆಯುತ್ತೆ, ಆಮೇಲೆ ಆ ಗುಂಡಿ ತೊಳೆಯೋಕೆ ಆಗೋದಿಲ್ಲ. ಕಬ್ಬಿಣದ ನಾರಲ್ಲೂ ಉಜ್ಜಬೇಡ, ಚೂರುಗಳು ಅಂಟಿಕೊಂಡು ಅಲ್ಲೇ ತುಕ್ಕು ಹಿಡಿಯುತ್ತೆ. ಮೈಯನ್ನ ಟಾರ್ಚ್ ಬಿಟ್ಟು ನೋಡು. ಕಲೆ ಇದ್ರೆ ಪರವಾಗಿಲ್ಲ. ಉಗುರಿಗೆ ಸಿಗೋ ಗುಂಡಿ ಇದ್ರೆ ಆ ಕೆಗ್ಗನ್ನ ಬಿಯರಿಗೆ ಬಳಸಬೇಡ.

ಈಗ ವಾಸನೆ ವಿಷಯ. ಉಕ್ಕು ವಾಸನೆ ಹೀರೋದಿಲ್ಲ, ಹೀರೋದು ರಬ್ಬರು. ಒಂದು ಕೆಗ್‌ಗೆ ಐದು ರಿಂಗ್: ಮುಚ್ಚಳಕ್ಕೆ ದೊಡ್ಡದೊಂದು, ಎರಡು ಬಾಯಿಯ ಹೊರಗೆ ಒಂದೊಂದು, ಒಳಗೆ ಇಳಿಯೋ ಎರಡು ಕೊಳವೆಯ ಕತ್ತಿಗೆ ಒಂದೊಂದು. ಜನ ಮೇಲೆ ಕಾಣೋ ಮೂರನ್ನ ಬದಲಾಯಿಸಿ ಕೊಳವೆ ಕತ್ತಿನದ್ದನ್ನ ಹಾಗೇ ಬಿಡ್ತಾರೆ. ರೂಟ್ ಬಿಯರ್ ಅಲ್ಲೇ ಮನೆ ಮಾಡಿಕೊಂಡಿರೋದು. ಐದೂ ಕಿತ್ತು ಬಿಸಾಕು, ಹೊಸ ಸೆಟ್ಟಿಗೆ ಕೆಲವೇ ಡಾಲರ್.

ಬಾಯಿ ಬಿಚ್ಚೋಕೆ ಪೆಪ್ಸಿಯದಕ್ಕೆ ಡೀಪ್ ಸಾಕೆಟ್ ಸಾಕು, ತಯಾರಿಸಿದ ಕಂಪನಿಗೆ ತಕ್ಕ ಹಾಗೆ 11/16 ಅಥವಾ 7/8 ಇಂಚು. ಪಿನ್ ಲಾಕಿಗೆ ಕಡ್ಡಿ ಕೂರೋ ಸೀಳು ಇರೋ ಸಾಕೆಟ್ಟೇ ಬೇಕು. ಒಂದೊಂದು ಕೆಗ್ಗಿನ ಬಿಡಿಭಾಗ ಒಂದೊಂದು ಬಟ್ಟಲಲ್ಲಿ ಹಾಕಿಡು. ಕಾರ್ನೀಲಿಯಸ್, ಫೈರ್‌ಸ್ಟೋನ್, ಸ್ಪಾರ್ಟನ್‌ಬರ್ಗ್ ಅಂತ ಬೇರೆ ಬೇರೆ ಹೆಸರಿನ ಕೆಗ್‌ಗಳೆಲ್ಲ ನೋಡೋಕೆ ಒಂದೇ ಥರ, ಆದರೆ ಮರೆ (ಸ್ಕ್ರೂ ಸುತ್ತು) ಬೇರೆ, ಪಾಪೆಟ್ ಬೇರೆ. ಪೆಪ್ಸಿಯದರಲ್ಲಿ ಗ್ಯಾಸ್ ಬಾಯಿಯ ಬುಡದ ಮೂಲೆಗಳಲ್ಲಿ ಸಣ್ಣ ಕಚ್ಚು ಇರುತ್ತೆ, ಪಾನೀಯದ್ದು ನುಣುಪು. ಅದಲು ಬದಲು ಮಾಡಿದ್ರೆ ಕನೆಕ್ಟರ್ (ಪೈಪಿನ ತುದಿಯಲ್ಲಿ ಬಾಯಿಗೆ ಸಿಕ್ಕಿಸೋ ಭಾಗ) ಕಚ್ಚಿಕೊಂಡು ಕೂರುತ್ತೆ, ಬಿಡಿಸೋಕೆ ಒದ್ದಾಡಬೇಕು.

ತೊಳೆಯೋಕೆ ಪಿಬಿಡಬ್ಲ್ಯು ಪುಡಿ, 60 ಡಿಗ್ರಿ ಬಿಸಿನೀರು, ಅಂಚಿನ ತನಕ ತುಂಬಿ ರಾತ್ರಿ ಬಿಡು. ಉದ್ದ ಕೊಳವೆಗೆ ಸಪೂರ ಬ್ರಷ್ ಸಿಗುತ್ತೆ, ತಗೋ. ಪಾಕ ಗಟ್ಟಿಯಾಗಿರೋದು ಅದರೊಳಗೇ.

ಧಾರವಾಡ ಪೇಡೆ (ಕೊಲೊರಾಡೊ)

ಫಿಟ್ಟರ್ ಸಾಹೇಬ್ರು ಹೇಳಿದ್ದು ಎಲ್ಲಾ ಖರೆ. ಆದ್ರ ನಾ ಆಗಿದ್ರ ಆ ಪಿನ್ ಲಾಕ್ ಮಾರಿ ಇನ್ನೊಂದು ಬಾಲ್ ಲಾಕ್, ಅಂದ್ರ ನಿಮ್ಮ ಪೆಪ್ಸಿ ನಮೂನಿದು, ತಗೋತಿದ್ದೆ ನೋಡ್ರಿ. ಎರಡು ನಮೂನಿ ಇಟ್ಕೊಂಡ್ರ ಕನೆಕ್ಟರ್ ಎರಡು ಜೋಡಿ ಬೇಕು, ಸಾಕೆಟ್ ಬ್ಯಾರೆ, ಸುಮ್ನ ತಲಿಬ್ಯಾನಿ. ಮತ್ತ ಎಲ್ಲರೂ ಮರೆಯೋದು ಒಂದೈತಿ: ರಬ್ಬರಿಗೆ ವ್ಯಾಸಲೀನ್ ಹಚ್ಚಬ್ಯಾಡ್ರಿ, ಉಬ್ಬಿ ಹಾಳಾಗ್ತದ. ಆಹಾರಕ್ಕ ಬಳಸೋ ಸಿಲಿಕೋನ್ ಗ್ರೀಸ್ ತಗೋರಿ.

ಹಳೇ ಫಿಟ್ಟರ್ (ಅಲಬಾಮ)

ಪೇಡೆಯವರೇ, ಮಾರೋದು ಯಾಕೆ? ಗಿಡ್ಡ ಕೆಗ್ ಫ್ರಿಜ್ಜಿನೊಳಗೆ ಉದ್ದದ್ದಕ್ಕಿಂತ ಸಲೀಸಾಗಿ ಕೂರುತ್ತೆ. ಕನೆಕ್ಟರ್ ತಲೆನೋವಾದ್ರೆ ಬಾಲ್ ಲಾಕ್ ಮಾಡೋ ಬಾಯಿಗಳು ಮಾರ್ಕೆಟ್ಟಲ್ಲಿವೆ, ಮರೆ ನೋಡಿ ತಂದರಾಯ್ತು. ಸೋಡಾ ಕಂಪನಿಗಳು ಕೆಗ್ ಬಿಟ್ಟು, ಪಾಕದ ಚೀಲ ಒಳಗಿರೋ ಪೆಟ್ಟಿಗೆಗೆ ಹೋದಾಗ ಇವನ್ನ ಗುಜರಿಗೆ ಹಾಕಿದ್ರು. ಆಗ ಕೇಳೋರಿರಲಿಲ್ಲ. ಈಗ ರೇಟು ಕೇಳಿದ್ರೆ ಎದೆ ಒಡೆಯುತ್ತೆ.

ವ್ಯಾಸಲೀನ್ ಮಾತು ನೂರಕ್ಕೆ ನೂರು ಸರಿ.

ಗಾಂಧಿಬಜಾರ್ ಗಾಂಪ (ಬೆಂಗಳೂರು)

ಗುರುಗಳೇ, ಗುಜರಿಯಲ್ಲಿ ನನಗೂ ಒಂದು ಸಿಕ್ಕಿದೆ. ಇಲ್ಲಿ ಮನೇಲಿ ಬಿಯರ್ ಮಾಡಬಹುದಾ?

ಹಳೇ ಫಿಟ್ಟರ್ (ಅಲಬಾಮ)

ಇಲ್ಲಪ್ಪ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋ ಹಾಗಿಲ್ಲ. ಇಲ್ಲಿ ಅಮೆರಿಕದಲ್ಲೂ ಎಷ್ಟೋ ವರ್ಷ ಬಿಟ್ಟಿರಲಿಲ್ಲ. ಅಧ್ಯಕ್ಷ ಜಿಮ್ಮಿ ಕಾರ್ಟರ್ ಅದಕ್ಕೆ ಅನುಮತಿ ಕೊಡೋ ಕಾನೂನಿಗೆ 1978ರಲ್ಲಿ ಸಹಿ ಹಾಕಿದ್ದು. ದೇಶದ ಕಾನೂನಲ್ಲಿ ಇಬ್ಬರು ವಯಸ್ಕರಿರೋ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅದೂ ಮಾರೋ ಹಾಗಿಲ್ಲ. ನಮ್ಮ ಅಲಬಾಮ ಒಪ್ಪಿದ್ದು 2013ಕ್ಕೆ. ನೀನು ಅದರಲ್ಲಿ ನಿಂಬೆ ಸೋಡಾ ಮಾಡು, ಕೆಗ್ ಹುಟ್ಟಿದ್ದೇ ಅದಕ್ಕೆ. ಆದರೆ ಒತ್ತಡ ಇಳಿಸೋ ರೆಗ್ಯುಲೇಟರ್ ಇಲ್ಲದೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಜೋಡಿಸಬೇಡ. ಸಿಲಿಂಡರೊಳಗೆ 800 ಪಿಎಸ್‌ಐ (ಒತ್ತಡದ ಅಳತೆ) ಆಸುಪಾಸು ಇರುತ್ತೆ, ಕೆಗ್ ಮೇಲೆ ಬರೆದಿರೋ ಗರಿಷ್ಠ ಮಿತಿ 130.

ತುಂಗಾತೀರ (ಓಹಾಯೊ)

ತುಂಬಾ ಥ್ಯಾಂಕ್ಸ್ ಅಣ್ಣ. ಪಾಪೆಟ್ ಒತ್ತಿದ್ದೇ ತಡ, ಗಿಡ್ಡದ್ದು ಒಂದು ನಿಮಿಷ ಬುಸುಗುಟ್ಟಿ ಸುಮ್ಮನಾಯ್ತು. ಒಳಗೆ ಕನ್ನಡಿ ಹಾಗಿದೆ! ಎರಡಕ್ಕೂ ಐದೈದು ರಿಂಗ್ ಹಾಕಿ ಪುಡಿಯಲ್ಲಿ ನೆನೆಸಿದೆ. ಉದ್ದದ್ದಕ್ಕೆ 30 ಪಿಎಸ್‌ಐ ಕೊಟ್ಟು ಸೋಪಿನ ನೀರು ಸಿಂಪಡಿಸಿದ್ರೆ ಒಂದು ಗುಳ್ಳೆಯೂ ಇಲ್ಲ. 10ಕ್ಕೆ ಇಳಿಸಿಟ್ಟರೆ ಬೆಳಗ್ಗೆ ಖಾಲಿ. ಮುಚ್ಚಳ ತೆಗೆದು ಮೂಸಿದ್ರೆ ಸಣ್ಣಗೆ ಅಯೋಡೆಕ್ಸ್ ಇನ್ನೂ ಇದೆ. ಏನು ಕಥೆ?

ಹಳೇ ಫಿಟ್ಟರ್ (ಅಲಬಾಮ)

ಎರಡೂ ಮುಚ್ಚಳದ ಕೆಲಸ. ಒತ್ತಡ ಜಾಸ್ತಿ ಇದ್ದಾಗ ಗ್ಯಾಸೇ ಮುಚ್ಚಳವನ್ನ ರಬ್ಬರಿಗೆ ಒತ್ತಿ ಹಿಡಿಯುತ್ತೆ, ಸೋರಿಕೆ ಕಾಣೋದಿಲ್ಲ. ಕಡಿಮೆ ಆದಾಗ ಸಡಿಲ. ಬಿಯರ್ ಇರೋದು 10–12ರಲ್ಲೇ ತಾನೇ, ಹಾಗಾಗಿ ಅಲ್ಲೂ ಪರೀಕ್ಷೆ ಮಾಡಲೇಬೇಕು. ಮೊದಲು ಮುಚ್ಚಳ ಅರ್ಧ ಸುತ್ತು ತಿರುಗಿಸಿ ಹಾಕಿ ನೋಡು. ಆಗದಿದ್ರೆ ದಪ್ಪ, ಮೆತ್ತಗಿನ ಸಿಲಿಕೋನ್ ರಿಂಗ್ ತರಿಸು. ಹಿಡಿಯ ಕಾಲಿಗೆ ಹಾಕೋ ರಬ್ಬರ್ ಬೂಟು ಸವೆದಿದ್ರೂ ಹೀಗೇ ಆಗುತ್ತೆ.

ವಾಸನೆ ಇರೋದು ಎಳೆಯೋ ಉಂಗುರದ ವಾಲ್ವಿನೊಳಗೆ, ಅಲ್ಲೂ ರಬ್ಬರಿನ ಸೀಲ್ ಇದೆ. ಮುಚ್ಚಳದ ಒಳಮೈಯಿಂದ ಮರೆ ತಿರುಗಿಸಿದ್ರೆ ವಾಲ್ವ್ ಬಿಚ್ಚಿಕೊಳ್ಳುತ್ತೆ. ಹೊಸದು ತರಿಸಿ ಹಾಕು, ಹಳೇದನ್ನ ನೆನೆಸಿ ಉಜ್ಜೋಕೆ ಹೋಗಬೇಡ.

ತುಂಗಾತೀರ (ಓಹಾಯೊ)

ಅರ್ಧ ಸುತ್ತಿಗೇ ನಿಂತಿತು! ವಾಲ್ವ್ ಆರ್ಡರ್ ಮಾಡಿದೆ. ಬಿಯರ್ ತುಂಬೋ ಮುಂಚೆ ಸ್ಟಾರ್ ಸ್ಯಾನ್ (ಕ್ರಿಮಿ ಕೊಲ್ಲೋ ದ್ರಾವಣ) ಹಾಕಿ ಆಮೇಲೆ ನೀರಲ್ಲಿ ತೊಳಿಬೇಕಾ?

ಹಳೇ ಫಿಟ್ಟರ್ (ಅಲಬಾಮ)

ಬೇಡ. ಐದು ಗ್ಯಾಲನ್ ನೀರಿಗೆ ಒಂದು ಔನ್ಸ್, ಅಳತೆ ಮೀರಬೇಡ. ಎಲ್ಲ ಕಡೆ ಒದ್ದೆಯಾಗೋ ಹಾಗೆ ಅಲ್ಲಾಡಿಸಿ ಎರಡು ನಿಮಿಷ ಬಿಟ್ಟು ಆ ನೀರನ್ನ ಹೊರಗೆ ತಳ್ಳು. ನೊರೆ ಉಳಿದ್ರೆ ಉಳೀಲಿ.