ಸಹಾಯ ಬೇಕು: ಮಂಜಿನಲ್ಲಿ ಪಿಎಂ 2.5 (ಗಾಳಿಯಲ್ಲಿ ತೇಲುವ ಅತಿಸಣ್ಣ ಕಣಗಳ) ಅಂಕಿಯನ್ನು ನಂಬಬಹುದೇ?

ಎಲ್ಲರಿಗೂ ನಮಸ್ಕಾರ. ಆಸ್ತಮಾ ಇರುವ ನಾನು ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ದಿನವೂ ಸ್ಕೂಟರಿನಲ್ಲಿ ಓಡಾಡುವಾಗ ಎಷ್ಟು ಹೊಗೆ, ದೂಳು ಕುಡಿಯುತ್ತಿದ್ದೇನೆಂದು ತಿಳಿಯಲು, ಲೇಸರ್ ಬೆಳಕಿನ ಚದುರುವಿಕೆಯಿಂದ ಕಣಗಳನ್ನು ಅಳೆಯುವ ಪುಟ್ಟ ಸಾಧನವೊಂದನ್ನು ಬ್ಯಾಗಿನ ಪಟ್ಟಿಗೆ ಸಿಕ್ಕಿಸಿಕೊಂಡಿದ್ದೇನೆ. ಮಧ್ಯಾಹ್ನ ಬಸ್ ನಿಲ್ದಾಣದ ಬಳಿ ಘನಮೀಟರಿಗೆ 40 ಮೈಕ್ರೋಗ್ರಾಂ ತೋರಿಸುವ ಅದು, ವಾಹನವೇ ಇಲ್ಲದ ತೋಟದ ರಸ್ತೆಯ ಬೆಳಗಿನ ಮಂಜಿನಲ್ಲಿ 110 ದಾಟುತ್ತದೆ! ತೇವ ಹೀರಿ ಉಬ್ಬಿದ ಕಣಗಳೂ ನೀರಿನ ಹನಿಗಳೂ ಹೆಚ್ಚು ಬೆಳಕನ್ನು ಚದುರಿಸುವುದರಿಂದ ಅಂಕಿ ಏರುತ್ತದೆಂಬುದು ಗೊತ್ತಿದೆ. ಗಾಳಿಕಿಂಡಿಯನ್ನು ಶುಚಿಗೊಳಿಸಿದೆ, ಸ್ನೇಹಿತರ ಅಂಥದ್ದೇ ಸಾಧನವನ್ನು ಜೊತೆಗಿಟ್ಟು ನೋಡಿದರೆ ಎರಡೂ ಒಂದೇ ಸುಳ್ಳು ಹೇಳುತ್ತಿವೆ. ದಿನದ ಸರಾಸರಿಯನ್ನು ನಮ್ಮ ದೇಶದ 24 ಗಂಟೆಗಳ ಮಿತಿಯಾದ ಘನಮೀಟರಿಗೆ 60 ಮೈಕ್ರೋಗ್ರಾಂ ಜೊತೆ ಹೋಲಿಸುವಾಗಲೇ ನಾನು ಗೊಂದಲಕ್ಕೆ ಬೀಳುವುದು, ಮಂಜಿನ ಅಂಕಿಗಳು ಸರಾಸರಿಯನ್ನೇ ಏರಿಸಿಬಿಡುತ್ತವೆ. ತೇವಾಂಶ ಶೇ 85 ಮೀರಿದ ಹೊತ್ತಿನ ಅಂಕಿಗಳನ್ನು ಪೂರ್ತಿ ಕೈಬಿಡಬೇಕೇ, ಅಥವಾ ತೇವಾಂಶವನ್ನು ಲೆಕ್ಕಕ್ಕೆ ಹಿಡಿದು ಸರಿಪಡಿಸುವ ಸೂತ್ರವನ್ನು ಮಲೆನಾಡಿನ ಮಂಜಿಗೂ ಬಳಸಿ ನೋಡಿದವರು ಇಲ್ಲಿ ಯಾರಾದರೂ ಇದ್ದೀರಾ?