ಪದಚರ್ಚೆ: ಭೂವಿಜ್ಞಾನದ 'ಫಾರ್ಮೇಷನ್'ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಬರ್ಜೆಸ್ ಶೇಲ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ಯೋಹೋ ರಾಷ್ಟ್ರೀಯ ಉದ್ಯಾನದ ಬೆಟ್ಟಗಳ ಮೇಲೆ ಸಿಗುವ ಕಲ್ಲು ಇದು. ಸುಮಾರು 50.8 ಕೋಟಿ ವರ್ಷ ಹಿಂದೆ ಕಡಲಲ್ಲಿದ್ದ ಜೀವಿಗಳು ಇದರೊಳಗೆ ಪಳೆಯುಳಿಕೆಗಳಾಗಿ ಕೂತಿವೆ. ಬರವಣಿಗೆ 'ಫಾರ್ಮೇಷನ್' ಅನ್ನುವ ಪದದ ಹತ್ತಿರ ಬಂದು ನಿಂತಿದೆ. ಅದಕ್ಕೇ ಈ ಪತ್ರ.

'ಶಿಲಾ ರಚನೆ' ಅನ್ನುವವರಿದ್ದಾರೆ. ನನಗದು ಒಗ್ಗುತ್ತಿಲ್ಲ. ರಚನೆ ಅಂದಕೂಡಲೇ ಓದುವವರ ಕಣ್ಣಿಗೆ ಬರುವುದು ಆಕಾರ. ಯಾಣದ ಬಂಡೆಗಳನ್ನೋ ಮಲ್ಪೆಯ ಹತ್ತಿರದ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನೋ ರಚನೆ ಎಂದರೆ ಸರಿ. ಭೂವಿಜ್ಞಾನಿಗಳು ಫಾರ್ಮೇಷನ್ ಅನ್ನುವುದು ಆಕಾರಕ್ಕಲ್ಲ. ಮೇಲಿನ, ಕೆಳಗಿನ ಕಲ್ಲುಗಳಿಂದ ಬೇರೆ ಎಂದು ಗುರುತಿಸಬಹುದಾದ, ನಕ್ಷೆಯಲ್ಲಿ ಗೆರೆ ಹಾಕಿ ತೋರಿಸುವಷ್ಟು ದೊಡ್ಡದಾದ ಕಲ್ಲಿನ ಗುಂಪು ಅದು. ಅದು ಎದ್ದು ಕಾಣುವ ಜಾಗದ ಹೆಸರನ್ನೇ ಸಾಮಾನ್ಯವಾಗಿ ಅದಕ್ಕಿಡುತ್ತಾರೆ. ಬರ್ಜೆಸ್ ಅನ್ನುವುದೂ ಅಲ್ಲಿನ ಒಂದು ಬೆಟ್ಟದ ಹೆಸರೇ.

ಹಾಗಾದರೆ ಸುಮ್ನೆ 'ಪದರ' ಎಂದು ಬಿಡಬಹುದಲ್ವಾ? ಆಗುವುದಿಲ್ಲ. ಪದರ ಅಂದರೆ ನಮಗೆ ಚಿರೋಟಿಯ ಪದರದಂಥದ್ದು, ತೆಳುವಾದ ಒಂದು ಎಳೆ. ಈ ಲೇಖನಕ್ಕೆ ಅಂಥ ಪದವೂ ಬೇಕೇ ಬೇಕು. ಅಲ್ಲಿ ಕಡಲ ತಳದಲ್ಲಿ ಎತ್ತರದ ಸುಣ್ಣಕಲ್ಲಿನ ಗೋಡೆಯೊಂದಿತ್ತು. ಅದರ ಬುಡದಲ್ಲಿ ಮತ್ತೆ ಮತ್ತೆ ಕೆಸರು ಜಾರಿ ಬಂತು. ಪ್ರತಿ ಸಲವೂ ಅಲ್ಲಿದ್ದ ಪ್ರಾಣಿಗಳನ್ನು ಒಮ್ಮೆಗೇ ಮುಚ್ಚಿತು. ಗಾಳಿಯಾಡದ ಆ ಕೆಸರಿನಲ್ಲಿ ಮೈಯ ಮೆತ್ತನೆಯ ಭಾಗಗಳೂ ಕೊಳೆತು ಹೋಗದೆ ಉಳಿದವು. ಹೀಗೆ ಒಂದೊಂದು ಕೆಸರಿನ ಸುರಿತ ಒಂದೊಂದು ಪದರವಾಯಿತು.

ಇಂಥ ಪದರಗಳೆಷ್ಟೋ ಸೇರಿ ಸುಮಾರು 2 ಮೀಟರ್ ದಪ್ಪದ ಒಂದು ಹಾಸು ಆಗಿದೆ. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಚಾರ್ಲ್ಸ್ ವಾಲ್ಕಾಟ್ 1909ರಲ್ಲಿ ಈ ಜಾಗದ ಪಳೆಯುಳಿಕೆಗಳನ್ನು ಕಂಡರು. ಮರುವರ್ಷದಿಂದ ಅಗೆಸಿದರು. 1924ರ ಹೊತ್ತಿಗೆ ಅವರು ಒಯ್ದ ಮಾದರಿಗಳು 65,000ಕ್ಕೂ ಜಾಸ್ತಿ. ಅವುಗಳಲ್ಲಿ ಬಹಳಷ್ಟು ಈ ಹಾಸಿನವು. ಐದು ಕಣ್ಣಿನ ಒಪಬೀನಿಯಾ ಎಂಬ ಪ್ರಾಣಿ ಅವುಗಳಲ್ಲೊಂದು. ಎರಡೂವರೆ ಸೆಂಟಿಮೀಟರೂ ಇಲ್ಲದ ಮರೆಲ್ಲಾ ಇನ್ನೊಂದು. ವಾಲ್ಕಾಟ್ ಅದನ್ನು ಪ್ರೀತಿಯಿಂದ 'ಕಸೂತಿ ಏಡಿ' ಅನ್ನುತ್ತಿದ್ದರು. ಹಾಲುಸಿಜೀನಿಯಾ ಎಂಬ ಪ್ರಾಣಿಯ ಚಿತ್ರವನ್ನಂತೂ ವಿಜ್ಞಾನಿಗಳು 1977ರಲ್ಲಿ ತಲೆಕೆಳಗಾಗಿ ಬರೆದಿದ್ದರು. ಬೆನ್ನ ಮೇಲಿನ ಮುಳ್ಳುಗಳನ್ನೇ ಕಾಲು ಅಂದುಕೊಂಡಿದ್ದರು. ಚೀನಾದಲ್ಲಿ ಸಿಕ್ಕ ಅದರ ನಂಟಿನ ಪ್ರಾಣಿಗಳನ್ನು ನೋಡಿ 1991ರಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿದರು.

ಇಲ್ಲಿಯವರೆಗೆ ಪದರ, ಹಾಸು ಎರಡೇ ಸಾಕು. ಆಮೇಲಿನ ಕಥೆಗೆ ಸಾಲುವುದಿಲ್ಲ. 2012ರಲ್ಲಿ ವಾಲ್ಕಾಟರ ಗಣಿಯಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಕೂಟನೇ ರಾಷ್ಟ್ರೀಯ ಉದ್ಯಾನದ ಮಾರ್ಬಲ್ ಕ್ಯಾನ್ಯನ್ ಹತ್ತಿರ ಹೊಸ ಪಳೆಯುಳಿಕೆಗಳು ಸಿಕ್ಕವು. ಮೀನುಗಳ ಮೂಲಕ್ಕೆ ಹತ್ತಿರದ ಮೆಟಾಸ್ಪ್ರಿಗಿನಾ ಎಂಬ ಪ್ರಾಣಿ ಅಲ್ಲಿ ಚೆನ್ನಾಗಿ ಕಾಣುತ್ತದೆ. ಬೆಟ್ಟ ಬೇರೆ, ಹಾಸು ಬೇರೆ, ಆದರೆ ಫಾರ್ಮೇಷನ್ ಅದೇ. ಈ ಮಾತನ್ನು ಕನ್ನಡದಲ್ಲಿ ಹೇಳಬೇಕು. ಇಲ್ಲದಿದ್ದರೆ ಅಷ್ಟು ದೂರದ ಎರಡು ಜಾಗಗಳಿಗೆ ಏನು ಸಂಬಂಧ ಎಂದು ಮಕ್ಕಳಿಗೆ ತಿಳಿಯುವುದೇ ಇಲ್ಲ.

'ಶಿಲಾಸ್ತೋಮ' ಎನ್ನಬಹುದು. ಅರ್ಥಕ್ಕೆ ಕೊರತೆಯಿಲ್ಲ, ಆದರೆ ಹದಿಮೂರು ವರ್ಷದವರ ಬಾಯಿಗೆ ಭಾರ. ನನ್ನ ಮನಸ್ಸು 'ಕಲ್ಲೊಟ್ಟು' ಕಡೆ ವಾಲುತ್ತಿದೆ. ಸೌದೆ ಒಟ್ಟುತ್ತೇವೆ, ಬೆರಣಿ ಒಟ್ಟುತ್ತೇವೆ. ಒಂದರ ಮೇಲೊಂದು ಪೇರಿಸುವುದು, ಎಲ್ಲ ಸೇರಿ ಒಂದಾಗುವುದು, ಎರಡು ಅರ್ಥವೂ 'ಒಟ್ಟು' ಅನ್ನುವುದರಲ್ಲಿವೆ. ತೊಡಕು ಎರಡು. ಯಾರೋ ಕೈಯಾರೆ ಪೇರಿಸಿದ ಕಲ್ಲಿನ ಗುಡ್ಡೆ ಅನ್ನಿಸಬಹುದು. ಇನ್ನು, ಲಾವಾ ಹರಿದು ಗಟ್ಟಿಯಾದ ಕಲ್ಲಿಗೂ ಫಾರ್ಮೇಷನ್ ಅನ್ನುತ್ತಾರೆ. ಅಲ್ಲಿ ಈ ಪದ ಅಷ್ಟು ಚೆನ್ನಾಗಿ ಕೂರುವುದಿಲ್ಲ. 'ಹಾಸು' ಪದಕ್ಕೂ ಒಂದು ಅಡ್ಡಿಯಿದೆ. ಹಾಸುಬಂಡೆ ಅಂದರೆ ನಮ್ಮವರಿಗೆ ಗ್ರಾನೈಟಿನ ಬೋಳು ಬಂಡೆ. ಆದರೂ ಸಂದರ್ಭ ನೋಡಿ ತಿಳಿಯುತ್ತಾರೆ ಎಂದು ಅದನ್ನು ಇಟ್ಟುಕೊಂಡಿದ್ದೇನೆ.

'ಶೇಲ್' ಬಗ್ಗೆ ಹೆಚ್ಚು ಚರ್ಚೆ ಬೇಡ. ಕಲ್ಲಿನ ಬಗೆಯನ್ನು ಹೇಳುವಾಗ 'ಜೇಡುಗಲ್ಲು', ಹೆಸರಾಗಿ ಬಂದಾಗ 'ಬರ್ಜೆಸ್ ಶೇಲ್'.

ಕರಡು ಓದಿದ ಗೆಳೆಯರೊಬ್ಬರು 'ಪಳೆಯುಳಿಕೆ' ಬದಲು 'ಅಚ್ಚು' ಎಂದು ಬರೆಯಿರಿ, ಮಕ್ಕಳಿಗೆ ಸುಲಭ ಎಂದರು. ಇದನ್ನು ನಾನು ಒಪ್ಪುವುದಿಲ್ಲ. ಅಚ್ಚು ಎಂದರೆ ವಸ್ತು ಹೋಗಿ ಗುರುತು ಮಾತ್ರ ಉಳಿದದ್ದು. ಸಾಲಿಗ್ರಾಮಕ್ಕಾದರೆ ಆ ಪದ ಒಪ್ಪುತ್ತದೆ. ನೇಪಾಳದ ಗಂಡಕಿ ನದಿಯ ಆ ಕಲ್ಲಿನೊಳಗೆ ನಾವು ಚಕ್ರ ಅನ್ನುವುದು ಅಮ್ಮೊನೈಟ್ ಎಂಬ ಕಡಲಜೀವಿಯ ಚಿಪ್ಪಿನ ಸುರುಳಿ. ಎಷ್ಟೋ ಸಾಲಿಗ್ರಾಮಗಳಲ್ಲಿ ಚಿಪ್ಪು ಇಲ್ಲ, ಅದರ ಅಚ್ಚು ಇದೆ. ಬರ್ಜೆಸ್ಸಿನಲ್ಲಿ ಹಾಗಲ್ಲ. ಪ್ರಾಣಿಯ ಮೈಯದೇ ಇಂಗಾಲ ತೆಳುವಾದ ಪೊರೆಯಾಗಿ ಕಲ್ಲಿನ ಮೇಲೆ ಉಳಿದಿರುತ್ತದೆ. ಎಷ್ಟೋ ಮಾದರಿಗಳಲ್ಲಿ ಕರುಳೂ ಕಣ್ಣೂ ಕಾಣುತ್ತವೆ. ಇದು ನಿಜವಾದ ಉಳಿಕೆ. ಹೆಜ್ಜೆಗುರುತು, ಹುಳ ಹರಿದ ಜಾಡು ಇಂಥವಕ್ಕೆ ಬೇಕಾದರೆ 'ಜಾಡುಗುರುತು' ಎಂದು ಬೇರೆಯಾಗಿ ಹೇಳೋಣ.

ನನ್ನ ದೊಡ್ಡ ಪ್ರಶ್ನೆ ಕಲಬುರಗಿ ಕಡೆಯವರಿಗೆ. ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತ ಫರಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿಕಲ್ಲು, ತೆಗೆಯುವವರು ದಿನವೂ ಪದರಗಲ್ಲಿನ ಜೊತೆಯೇ ಕೆಲಸ ಮಾಡುತ್ತಾರೆ. ಹಳೇ ಮೈಸೂರಿನ ಗ್ರಾನೈಟ್ ನೆಲದವರಿಗೆ ಆ ಅನುಭವ ಇಲ್ಲ. ಒಂದು ಚಪ್ಪಡಿಗೆ, ಒಂದೇ ದಪ್ಪದ ಚಪ್ಪಡಿಗಳು ಬರುವ ಸಾಲಿಗೆ, ಮೇಲಿನಿಂದ ಕೆಳಗಿನವರೆಗಿನ ಇಡೀ ಕಲ್ಲಿಗೆ ಅವರು ಬೇರೆ ಬೇರೆ ಹೆಸರು ಹೇಳುತ್ತಾರೆಯೇ? ಗೊತ್ತಿದ್ದವರು ಅವರು ಆಡುವ ಹಾಗೆಯೇ ಬರೆದು ಕಳಿಸಿ, ಉರ್ದು, ಮರಾಠಿ ಬೆರೆತಿದ್ದರೂ ಪರವಾಗಿಲ್ಲ. ಉಳಿದವರು ಈ ವಾಕ್ಯದಲ್ಲಿ ನಿಮ್ಮ ಪದ ಇಟ್ಟು ಓದಿ ನೋಡಿ: "ವಾಲ್ಕಾಟರ ಗಣಿಯೂ ಮಾರ್ಬಲ್ ಕ್ಯಾನ್ಯನ್ನೂ ಒಂದೇ ............ಗೆ ಸೇರಿದವು."